ಫಾರ್ಮ್ಯಾಟ್ ಹೊಡಿಯೋಕ್ ಮುಂಚೆ ಇದನ್ನ ನೋಡಿ: ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಕೆಟ್ಟಾಗ ಸರಿಮಾಡೋದು, ಸೆಟ್ಟಿಂಗ್ಸ್ ನೀಟಾಗಿ ಇಟ್ಕೊಳೋದು

ನಮ್ ಚಿಕ್ಕಪ್ಪಂದು ತಿಪಟೂರಲ್ಲಿ ಲಗ್ನಪತ್ರಿಕೆ, ಬಿಲ್ ಬುಕ್ ಡಿಸೈನ್ ಮಾಡ್ಕೊಡೋ ಸಣ್ಣ ಅಂಗಡಿ. 4 ಜಿಬಿ ರ‍್ಯಾಮಿನ ಹಳೇ ಡೆಸ್ಕ್‌ಟಾಪು, ಅದಕ್ಕೆ ನಾನೇ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಪಟ್ಟಿ, ಮೆನು, ಕಿಟಕಿ ಎಲ್ಲಾ ತೋರ್ಸೋಕೆ ಎಕ್ಸ್‌ಎಫ್‌ಸಿಇ ಅನ್ನೋ ಹಗುರ ಡೆಸ್ಕ್‌ಟಾಪ್ ಕೊಟ್ಟಿದ್ದೆ. ಒಂದಿನ ಬೆಳಿಗ್ಗೆ ಫೋನು, "ಲೋ, ಮೇಲಿನ ಪಟ್ಟಿನೇ ಮಾಯ ಆಗಿದೆ ಕಣೋ, ಮೆನುನೂ ಇಲ್ಲ ಟೈಮೂ ಇಲ್ಲ, ಬರೀ ಇಲಿ ಚಿತ್ರ ಇದೆ, ಪಕ್ಕದ ರಿಪೇರಿಯವ್ನು ಫಾರ್ಮ್ಯಾಟ್ ಹೊಡಿಬೇಕು ಅಂತಾನೆ" ಅಂದ್ರು. ಇಲಿ ಅಂದ್ರೆ ಎಕ್ಸ್‌ಎಫ್‌ಸಿಇ ಲೋಗೋ. ಆ ಮಷೀನಲ್ಲಿ ನಾಕು ವರ್ಷದ ಪತ್ರಿಕೆ ಫೈಲ್‌ಗಳಿದ್ವು. ಫೋನಲ್ಲೇ ಹತ್ತು ನಿಮಿಷದಲ್ಲಿ ಸರಿಹೋಯ್ತು. ಹೆಂಗೆ ಅನ್ನೋದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಇಂಥಾ ಸಣ್ಣ ವಿಷ್ಯಕ್ಕೆ ಜನ ಎಲ್ಲಾ ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ. ಇದೇ ಡೆಸ್ಕ್‌ಟಾಪ್ ಇರೋ ಬೇರೆ ಲಿನಕ್ಸ್, ಜುಬುಂಟು ಇರ್ಲಿ, ಮಿಂಟಿನ ಎಕ್ಸ್‌ಎಫ್‌ಸಿಇ ಎಡಿಷನ್ ಇರ್ಲಿ, ವಿಷ್ಯ ಒಂದೇ.

ಮೊದ್ಲು ಒಂದು ತಿಳ್ಕೊಳಿ, ಡೆಸ್ಕ್‌ಟಾಪ್ ಅಂತ ನಮಗೆ ಕಾಣೋದು ಒಂದೇ ಪ್ರೋಗ್ರಾಂ ಅಲ್ಲ. ಮೇಲಿನ ಪಟ್ಟಿ ತೋರ್ಸೋನು ಬೇರೆ, ಅವನ ಹೆಸ್ರು ಎಕ್ಸ್‌ಎಫ್‌ಸಿಇ4-ಪ್ಯಾನೆಲ್. ವಾಲ್‌ಪೇಪರ್ ಮತ್ತೆ ಡೆಸ್ಕ್‌ಟಾಪಿನ ಐಕಾನ್ ನೋಡ್ಕೊಳೋದು ಎಕ್ಸ್‌ಎಫ್‌ಡೆಸ್ಕ್‌ಟಾಪ್. ಕಿಟಕಿಗಳ ಮೇಲಿರೋ ಟೈಟಲ್ ಬಾರು, ಕ್ಲೋಸ್ ಬಟನ್ನು, ಎಳೆದಾಡೋದು ಇವೆಲ್ಲ ಎಕ್ಸ್‌ಎಫ್‌ಡಬ್ಲ್ಯೂಎಂ4 ಕೆಲ್ಸ. ಥೀಮು, ಫಾಂಟು, ಕೀಬೋರ್ಡ್ ಶಾರ್ಟ್‌ಕಟ್ ಇವನ್ನ ಎಲ್ಲಾ ಕಡೆ ಹಂಚೋನು ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ. ಹಂಗಾಗಿ ಏನು ಕಾಣಿಸ್ತಿಲ್ಲ ಅನ್ನೋದೇ ಯಾರು ಬಿದ್ದಿದಾರೆ ಅಂತ ಹೇಳಿಬಿಡತ್ತೆ. ಕಿಟಕಿ ಬಂದಿದೆ ಆದ್ರೆ ತಲೆಪಟ್ಟಿ ಇಲ್ಲ, ಜರುಗ್ಸೋಕ್ ಆಗ್ತಿಲ್ಲ ಅಂದ್ರೆ ಎಕ್ಸ್‌ಎಫ್‌ಡಬ್ಲ್ಯೂಎಂ4. ಎಲ್ಲಾ ಇದೆ ಆದ್ರೆ ಬಟನ್‌ಗಳೆಲ್ಲ ಬೂದು ಬಣ್ಣದ ಹಳೇ ಕಾಲದ ಥರ ಆಗಿ ಶಾರ್ಟ್‌ಕಟ್ಟೂ ಕೆಲ್ಸ ಮಾಡ್ತಿಲ್ಲ ಅಂದ್ರೆ ಎಕ್ಸ್‌ಎಫ್‌ಸೆಟ್ಟಿಂಗ್ಸ್‌ಡಿ.

ಚಿಕ್ಕಪ್ಪನ ಕೇಸಲ್ಲಿ ಪ್ಯಾನೆಲ್ ಒಂದೇ ಇರ್ಲಿಲ್ಲ. ಆಲ್ಟ್ ಒತ್ಕೊಂಡು ಎಫ್2 ಒತ್ತಿ ಅಂದೆ, ಚಿಕ್ಕ ಬಾಕ್ಸ್ ಬಂತು, ಅದರಲ್ಲಿ ಎಕ್ಸ್‌ಎಫ್‌ಸಿಇ4-ಪ್ಯಾನೆಲ್ ಅಂತ ಇಂಗ್ಲಿಷ್ ಸಣ್ಣಕ್ಷರದಲ್ಲಿ, ಮಧ್ಯೆ ಹೈಫನ್ ಹಾಕಿ, ಸ್ಪೇಸ್ ಬಿಡದೆ ಹೊಡೆದು ಎಂಟರ್ ಅಂದೆ. ಪಟ್ಟಿ ಬಂದುಬಿಡ್ತು. ಆಲ್ಟ್ ಎಫ್2 ಕೂಡ ಬರ್ಲಿಲ್ಲ ಅಂದ್ರೆ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಟರ್ಮಿನಲ್ (ಕಮಾಂಡ್ ಹೊಡಿಯೋ ಕಿಟಕಿ) ತಗೊಂಡು ಅಲ್ಲಿ ಅದೇ ಹೆಸ್ರು ಹೊಡಿಬಹುದು. ಟೈಟಲ್ ಬಾರ್ ಹೋಗಿದ್ರೆ ಎಕ್ಸ್‌ಎಫ್‌ಡಬ್ಲ್ಯೂಎಂ4 ಅಂತ ಹೊಡೆದು ಒಂದು ಸ್ಪೇಸ್ ಬಿಟ್ಟು ಎರಡು ಹೈಫನ್ ಸೇರಿಸಿ ರಿಪ್ಲೇಸ್ ಅಂತ ಹಾಕಿ.

ಆದ್ರೆ ಇದು ಬರೀ ಅವತ್ತಿನ ಮಟ್ಟಿಗೆ. ಮಷೀನ್ ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಪಟ್ಟಿ ಇಲ್ಲ. ಕಾರಣ ಸೆಷನ್ ಸೇವಿಂಗು. ಲಾಗೌಟ್ ಬಾಕ್ಸಲ್ಲಿ ಕೆಳಗಡೆ ಮುಂದಿನ ಸಲಕ್ಕೆ ಸೆಷನ್ ಉಳಿಸು ಅನ್ನೋ ಒಂದು ಟಿಕ್ ಇರತ್ತೆ. ಅದು ಹಾಕಿದ್ರೆ ಲಾಗೌಟ್ ಆಗೋ ಹೊತ್ತಿಗೆ ಯಾವ್ಯಾವ ಪ್ರೋಗ್ರಾಂ ಓಡ್ತಿದ್ವೋ ಅವರ ಹೆಸ್ರು ಬರ್ಕೊಂಡು ಮುಂದಿನ ಸಲ ಅವರನ್ನೇ ಎಬ್ಬಿಸತ್ತೆ. ಪ್ಯಾನೆಲ್ ಅಕಸ್ಮಾತ್ ಬಿದ್ದುಹೋದ ದಿನವೇ ಸೆಷನ್ ಉಳಿಸ್ಬಿಟ್ರೆ ಪ್ಯಾನೆಲ್ ಇಲ್ಲದ ಸ್ಥಿತಿನೇ ಉಳ್ಕೊಳತ್ತೆ, ದಿನಾ ಅದೇ ಬರತ್ತೆ. ಇದಕ್ಕೆ ಮದ್ದು ಏನಪ್ಪಾ ಅಂದ್ರೆ ಹೋಮ್ ಫೋಲ್ಡರಲ್ಲಿ ಕಂಟ್ರೋಲ್ ಎಚ್ ಒತ್ತಿ, ಚುಕ್ಕಿಯಿಂದ ಶುರುವಾಗೋ ಅಡಗಿರೋ ಫೋಲ್ಡರ್‌ಗಳೆಲ್ಲ ಕಾಣತ್ತೆ, ಡಾಟ್ ಕ್ಯಾಶ್ ಒಳಗೆ ಸೆಷನ್ಸ್ ಅಂತ ಒಂದಿರತ್ತೆ, ಅದರೊಳಗಿರೋದನ್ನ ಅಳಿಸಿ. ಆಮೇಲೆ ಸೆಟ್ಟಿಂಗ್ಸ್ ಮ್ಯಾನೇಜರಲ್ಲಿ ಸೆಷನ್ ಆಂಡ್ ಸ್ಟಾರ್ಟಪ್ ತೆಗೆದು ಲಾಗೌಟಲ್ಲಿ ತಾನಾಗೇ ಸೆಷನ್ ಉಳಿಸೋ ಟಿಕ್ ತೆಗೀರಿ, ಲಾಗೌಟ್ ಬಾಕ್ಸಲ್ಲಿರೋ ಟಿಕ್ಕನ್ನೂ ತೆಗೆದೇ ಲಾಗೌಟ್ ಆಗಿ. ಉಳಿಸಿದ ಸೆಷನ್ ಇಲ್ಲ ಅಂದ್ರೆ ಎಕ್ಸ್‌ಎಫ್‌ಸಿಇ ತನ್ನ ಮೂಲ ಲಿಸ್ಟಿಂದ ಎಲ್ಲರನ್ನೂ ಎಬ್ಬಿಸತ್ತೆ. ಆ ಟಿಕ್ ಯಾವಾಗ್ಲೂ ತೆಗೆದೇ ಇಡಿ ಅಂತ ನಾನು ಎಲ್ರಿಗೂ ಹೇಳ್ತೀನಿ.

ಕೆಲವು ಸಲ ತೊಂದ್ರೆ ಇಷ್ಟು ಸ್ಪಷ್ಟವಾಗಿ ಕಾಣಲ್ಲ. ಪಾಸ್‌ವರ್ಡ್ ಸರಿಯಾಗೇ ಹಾಕಿದ್ರೂ ಒಂದು ಕ್ಷಣ ಕಪ್ಪಾಗಿ ಮತ್ತೆ ಲಾಗಿನ್ ಪರದೆಗೇ ಬರತ್ತೆ ಅಂದ್ರೆ ಮೊದ್ಲು ಡಿಸ್ಕ್ ತುಂಬಿದ್ಯಾ ನೋಡಿ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿದ್ರೆ ಬರೀ ಅಕ್ಷರದ ಕಪ್ಪು ಪರದೆ ಬರತ್ತೆ, ಅಲ್ಲಿ ಲಾಗಿನ್ ಆಗಿ ಡಿಎಫ್ ಸ್ಪೇಸ್ ಹೈಫನ್ ಎಚ್ ಅಂತ ಹೊಡೀರಿ. 100% ಅಂತ ಕಂಡ್ರೆ ಅದೇ ರೋಗ, ಸ್ವಲ್ಪ ಜಾಗ ಖಾಲಿ ಮಾಡಿದ್ರೆ ಸಾಕು. ಜಾಗ ಇದೆ ಅಂದ್ರೆ ಹೋಮಲ್ಲಿರೋ ಡಾಟ್ ಎಕ್ಸ್‌ಅಥಾರಿಟಿ ಅನ್ನೋ ಫೈಲ್ ನಿಮ್ಮ ಹೆಸ್ರು ಬಿಟ್ಟು ರೂಟ್ (ಸಿಸ್ಟಮ್ಮಿನ ಮುಖ್ಯ ಯೂಸರ್) ಹೆಸರಿಗೆ ಹೋಗಿದ್ಯಾ ನೋಡಿ, ಕಿಟಕಿ ಇರೋ ಪ್ರೋಗ್ರಾಂಗಳನ್ನ ಸುಡೋ ಹಾಕಿ, ಅಂದ್ರೆ ರೂಟ್ ಅಧಿಕಾರದಲ್ಲಿ ಓಡ್ಸಿದಾಗ ಹಿಂಗಾಗೋದುಂಟು.

ಇನ್ನೊಂದು ನನ್ನ ಮೆಚ್ಚಿನ ಪರೀಕ್ಷೆ, ಹೊಸ ಯೂಸರ್ ಒಬ್ಬನ್ನ ಮಾಡಿ ಅವನ ಹೆಸರಲ್ಲಿ ಲಾಗಿನ್ ಆಗಿ ನೋಡೋದು. ಅಲ್ಲಿ ಎಲ್ಲಾ ಸರಿ ಇದ್ರೆ ಸಿಸ್ಟಂ ಚೆನ್ನಾಗಿದೆ, ಕೆಟ್ಟಿರೋದು ನಿಮ್ಮ ಸೆಟ್ಟಿಂಗ್ ಅಷ್ಟೇ, ಫಾರ್ಮ್ಯಾಟ್ ಮಾತೇ ಬೇಡ. ಅಲ್ಲೂ ಅದೇ ತೊಂದ್ರೆ ಇದ್ರೆ ಡ್ರೈವರ್ ಕಡೆ ಇಲ್ಲ ಅಪ್‌ಡೇಟ್ ಕಡೆ ನೋಡ್ಬೇಕು. ಐದು ನಿಮಿಷದ ಕೆಲ್ಸ, ಅರ್ಧ ದಿನ ಉಳಿಸತ್ತೆ.

ಈಗ ಸೆಟ್ಟಿಂಗ್ ಎಲ್ಲಿರತ್ತೆ ಅನ್ನೋದು. ಹೋಮಲ್ಲಿ ಡಾಟ್ ಕಾನ್ಫಿಗ್, ಅದರೊಳಗೆ ಎಕ್ಸ್‌ಎಫ್‌ಸಿಇ4, ಅದರೊಳಗೆ ಎಕ್ಸ್‌ಎಫ್‌ಕಾನ್ಫ್, ಅದರೊಳಗಿರೋ ಒಂದೇ ಫೋಲ್ಡರಲ್ಲಿ ಎಕ್ಸ್‌ಎಂಎಲ್ ಫೈಲ್‌ಗಳ (ಸೆಟ್ಟಿಂಗ್ ಬರ್ದಿಟ್ಟಿರೋ ಟೆಕ್ಸ್ಟ್ ಫೈಲ್‌ಗಳ) ಸಾಲು. ಪ್ಯಾನೆಲ್ಲಿಗೊಂದು, ಕಿಟಕಿಗೊಂದು, ಶಾರ್ಟ್‌ಕಟ್ಟಿಗೊಂದು, ಮಾನಿಟರ್‌ಗೆ ಡಿಸ್‌ಪ್ಲೇಸ್ ಅಂತೊಂದು, ಫಾಂಟ್ ಥೀಮಿಗೆ ಎಕ್ಸ್‌ಸೆಟ್ಟಿಂಗ್ಸ್ ಅಂತೊಂದು. ಯಾವ ಭಾಗ ಕೆಟ್ಟಿದ್ಯೋ ಅದರ ಫೈಲ್ ಒಂದನ್ನೇ ಹೆಸ್ರು ಬದಲಾಯ್ಸಿ ಪಕ್ಕಕ್ಕಿಟ್ರೆ ಆ ಭಾಗ ಒಂದೇ ಹೊಸದಾಗಿ ಶುರುವಾಗತ್ತೆ, ಬಾಕಿದೆಲ್ಲ ಹಂಗೇ ಇರತ್ತೆ. ಅಳಿಸ್ಬೇಡಿ, ಹೆಸರಿನ ಕೊನೆಗೆ ಹಳೆ ಅಂತ ಸೇರ್ಸಿ ಸಾಕು, ಬೇಕಾದ್ರೆ ವಾಪಸ್ ತರ್ಬಹುದು.

ಇಲ್ಲೊಂದು ಎಡವೋ ಜಾಗ ಇದೆ, ನಾನೂ ಇದಕ್ಕೆ ಒಂದು ಭಾನುವಾರ ಪೂರ್ತಿ ಕಳೆದಿದೀನಿ. ಲಾಗಿನ್ ಆಗಿರೋವಾಗ್ಲೇ ಆ ಫೈಲ್ ತೆಗೆದ್ರೆ ಪ್ರಯೋಜನ ಇಲ್ಲ. ಎಕ್ಸ್‌ಎಫ್‌ಕಾನ್ಫ್‌ಡಿ ಅನ್ನೋ ಪ್ರೋಗ್ರಾಂ ಹಿಂದುಗಡೆ ಓಡ್ತಾ ಎಲ್ಲಾ ಸೆಟ್ಟಿಂಗನ್ನೂ ಮೆಮೊರಿಯಲ್ಲಿ ಇಟ್ಕೊಂಡಿರತ್ತೆ, ನೀವು ಫೈಲ್ ತೆಗೆದ್ರೂ ಅದು ತನ್ನ ಹತ್ರ ಇರೋದನ್ನ ಮತ್ತೆ ಬರೆದುಬಿಡತ್ತೆ. ಅದಕ್ಕೆ ಡೆಸ್ಕ್‌ಟಾಪಿಂದ ಲಾಗೌಟ್ ಆಗಿ, ಕಂಟ್ರೋಲ್ ಆಲ್ಟ್ ಎಫ್3ಗೆ ಹೋಗಿ ಅಲ್ಲಿಂದ ಹೆಸ್ರು ಬದಲಾಯ್ಸಿ, ಆಮೇಲೆ ಎಫ್7ಕ್ಕೆ ವಾಪಸ್ ಬಂದು ಲಾಗಿನ್ ಆಗ್ಬೇಕು. ಕೆಲವು ಮಷೀನಲ್ಲಿ ಎಫ್7 ಬದ್ಲು ಎಫ್1 ಇಲ್ಲ ಎಫ್2 ಇರತ್ತೆ. ಒಂದೇ ಒಂದು ಸೆಟ್ಟಿಂಗ್ ಸರಿಮಾಡೋದಾದ್ರೆ ಇಷ್ಟೆಲ್ಲ ಬೇಡ, ಸೆಟ್ಟಿಂಗ್ಸ್ ಎಡಿಟರ್ ಅಂತ ಇದೆ, ಎಡಗಡೆ ಫೈಲ್‌ಗಳ ಹೆಸ್ರೇ ಸಾಲಾಗಿ ಕಾಣತ್ತೆ, ಬಲಗಡೆ ಅದರೊಳಗಿನ ಒಂದೊಂದು ಸೆಟ್ಟಿಂಗು, ಬೇಕಾದ್ದನ್ನ ಆರಿಸಿ ರೀಸೆಟ್ ಕೊಡಿ.

ಕೆಟ್ಟಿಲ್ಲದೇ ಇದ್ರೂ ಕೆಟ್ಟಂಗೆ ಕಾಣೋ ಎರಡು ವಿಷ್ಯ. ಪರದೆ ಇದ್ದಕ್ಕಿದ್ದಂಗೆ ದೊಡ್ಡದಾಗಿ, ಮೌಸ್ ಹೋದ ಕಡೆಗೆಲ್ಲ ಓಡಾಡ್ತಿದ್ರೆ ಆಲ್ಟ್ ಒತ್ಕೊಂಡಿರೋವಾಗ ಮೌಸ್ ಚಕ್ರ ತಿರುಗಿಸಿದೀರಾ ಅಂತರ್ಥ. ಆಲ್ಟ್ ಒತ್ಕೊಂಡು ಉಲ್ಟಾ ತಿರುಗ್ಸಿ, ಸರಿಹೋಗತ್ತೆ. ನಮ್ಮಮ್ಮ ಇದಕ್ಕೆ ಹೆದ್ರಿ ಪ್ಲಗ್ಗೇ ಕಿತ್ತಿದ್ರು, ಆಮೇಲೆ ವಿಂಡೋ ಮ್ಯಾನೇಜರ್ ಟ್ವೀಕ್ಸಲ್ಲಿ ಕಾಂಪೊಸಿಟರ್ ಟ್ಯಾಬಿಗೆ ಹೋಗಿ ಆ ಜೂಮ್ ಟಿಕ್ ತೆಗೆದುಕೊಟ್ಟೆ. ಇನ್ನೊಂದು, ಕಿಟಕಿಯ ತಲೆ ಪರದೆಯಿಂದ ಮೇಲೆ ಹೋಗಿ ಹಿಡಿಯೋಕೇ ಸಿಗ್ತಿಲ್ಲ ಅಂದ್ರೆ ಆಲ್ಟ್ ಒತ್ಕೊಂಡು ಕಿಟಕಿಯ ಎಲ್ಲಿ ಬೇಕಾದ್ರೂ ಹಿಡಿದು ಕೆಳಗೆ ಎಳೀರಿ.

ಕನ್ನಡ ಟೈಪ್ ಮಾಡೋರಿಗೆ ಬರೋ ದೊಡ್ಡ ತಲೆನೋವು ಒಂದೇ ಕೆಲ್ಸಕ್ಕೆ ಇಬ್ರು ಯಜಮಾನ್ರು ಇರೋದು. ಸೆಟ್ಟಿಂಗ್ಸ್ ಮ್ಯಾನೇಜರಿನ ಕೀಬೋರ್ಡ್ ಒಳಗೆ ಲೇಔಟ್ ಟ್ಯಾಬಲ್ಲಿ ಕನ್ನಡ ಕಗಪ (ಕನ್ನಡದ ಒಂದು ಕೀಲಿಮಣೆ ಕ್ರಮ) ಹಾಕಿರ್ತೀರಿ, ಅದೇ ಹೊತ್ತಿಗೆ ಭಾಷೆ ಬದಲಾಯ್ಸಿ ಟೈಪ್ ಮಾಡ್ಸೋ ಐಬಸ್ ಅನ್ನೋ ಪ್ರೋಗ್ರಾಮೂ ಓಡ್ತಿರತ್ತೆ, ಅದರಲ್ಲೂ ಕೆಜಿಪಿ ಅಂತ ಅದೇ ಕಗಪ ಸೇರ್ಸಿರ್ತೀರಿ. ಇಬ್ರೂ ಲೇಔಟ್ ಬದಲಾಯಿಸ್ತಾ ಹೋಗಿ ಕೊನೆಗೆ ಪಾಸ್‌ವರ್ಡ್ ಹೊಡೆದ್ರೂ ಕನ್ನಡ ಅಕ್ಷರ ಬೀಳತ್ತೆ. ಒಂದನ್ನ ಮಾತ್ರ ಇಟ್ಕೊಳಿ. ಬರೀ ಕಗಪ ಸಾಕು ಅನ್ನೋರು ಐಬಸ್ಸನ್ನ ಸ್ಟಾರ್ಟಪ್ ಪಟ್ಟಿಯಿಂದ ತೆಗೀರಿ, ಲೇಔಟ್ ಟ್ಯಾಬಲ್ಲಿ ಸಿಸ್ಟಂ ಡೀಫಾಲ್ಟ್ ಟಿಕ್ ತೆಗೆದು ಇಂಗ್ಲಿಷ್ ಮೊದ್ಲು, ಕನ್ನಡ ಆಮೇಲೆ ಬರೋ ಹಂಗೆ ಜೋಡ್ಸಿ. ಐಟ್ರಾನ್ಸ್ (ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ್ರೆ ಕನ್ನಡ ಬೀಳೋದು) ಥರ ಬೇರೆ ಕ್ರಮಾನೂ ಬೇಕು ಅನ್ನೋರು ಎಲ್ಲಾ ಐಬಸ್ಸಲ್ಲೇ ಇಡಿ, ಈ ಕಡೆ ಇಂಗ್ಲಿಷ್ ಒಂದೇ ಬಿಡಿ, ಸೂಪರ್ (ವಿಂಡೋಸ್ ಚಿಹ್ನೆ ಇರೋ ಕೀ) ಒತ್ಕೊಂಡು ಸ್ಪೇಸ್ ಒತ್ತಿದ್ರೆ ಬದಲಾಗತ್ತೆ. ಪರದೆ ಆಫಾಗೋ ಟೈಮಿಗೂ ಇದೇ ಕಥೆ, ಪವರ್ ಮ್ಯಾನೇಜರಲ್ಲಿ ಒಂದು ಲೆಕ್ಕ, ಸ್ಕ್ರೀನ್‌ಸೇವರಲ್ಲಿ ಇನ್ನೊಂದು ಲೆಕ್ಕ ಇದ್ರೆ ಸಿನಿಮಾ ಮಧ್ಯೆ ಕಪ್ಪಾಗತ್ತೆ.

ಎಲ್ಲಾ ಸರಿ ಇರೋ ದಿನವೇ ಬ್ಯಾಕಪ್ ತಗೊಳಿ, ಕೆಟ್ಟ ದಿನ ಅಲ್ಲ. ಪ್ಯಾನೆಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ಯಾನೆಲ್ ಪ್ರಿಫರೆನ್ಸಸಲ್ಲಿ ಬ್ಯಾಕಪ್ ಆಂಡ್ ರಿಸ್ಟೋರ್ ಅಂತ ಬಟನ್ ಇರತ್ತೆ, ಕಾಣ್ಲಿಲ್ಲ ಅಂದ್ರೆ ಪ್ಯಾನೆಲ್ ಪ್ರೊಫೈಲ್ಸ್ ಪ್ಯಾಕೇಜ್ ಹಾಕ್ಕೊಳಿ, ಈಗಿರೋ ಪಟ್ಟಿಗೆ ಒಂದು ಹೆಸ್ರು ಕೊಟ್ಟು ಉಳಿಸ್ಬಹುದು. ಅದರ ಜೊತೆಗೆ ಎಕ್ಸ್‌ಎಫ್‌ಸಿಇ4 ಫೋಲ್ಡರ್ ಪೂರ್ತಿ ಪೆನ್‌ಡ್ರೈವಿಗೆ ಕಾಪಿ ಮಾಡಿ ತಾರೀಖು ಹಾಕಿಡಿ. ಎಕ್ಸ್‌ಎಂಎಲ್ ಒಂದೇ ತಗೊಂಡ್ರೆ ಸಾಲದು, ಪಟ್ಟಿಯಲ್ಲಿರೋ ಒಂದೊಂದು ಲಾಂಚರಿನ (ಪ್ರೋಗ್ರಾಂ ತೆರೆಯೋ ಬಟನ್ನಿನ) ಐಕಾನು, ಹೆಸ್ರು ಎಲ್ಲಾ ಎಕ್ಸ್‌ಎಫ್‌ಕಾನ್ಫ್ ಪಕ್ಕದ ಪ್ಯಾನೆಲ್ ಅನ್ನೋ ಫೋಲ್ಡರಲ್ಲಿ ಇರತ್ತೆ. ಸೆಟ್ಟಿಂಗ್ ಬದಲಾಯ್ಸೋವಾಗ ಒಂದು ಸಲಕ್ಕೆ ಒಂದೇ ಬದಲಾಯ್ಸಿ, ಏನು ಮಾಡಿದ್ರಿ ಅಂತ ಒಂದು ಟೆಕ್ಸ್ಟ್ ಫೈಲಲ್ಲಿ ಒಂದು ಸಾಲು ಬರ್ದಿಡಿ. ಚಿಕ್ಕಪ್ಪ ಅದನ್ನ ಅಂಗಡಿಯ ಲೆಕ್ಕದ ಪುಸ್ತಕದ ಕೊನೇ ಹಾಳೆಯಲ್ಲಿ ಪೆನ್ನಲ್ಲೇ ಬರೀತಾರೆ, ಅದೂ ಚೆನ್ನಾಗೇ ನಡೀತಿದೆ.

ವಾಪಸ್ ಹಾಕೋವಾಗ್ಲೂ ಲಾಗೌಟ್ ಆಗೇ ಹಾಕಿ. ಬೇರೆ ಕಂಪ್ಯೂಟರಿಗೆ ಹಾಕೋದಾದ್ರೆ ಡಿಸ್‌ಪ್ಲೇಸ್ ಎಕ್ಸ್‌ಎಂಎಲ್ ಒಂದನ್ನ ಬಿಟ್ಟು ಹಾಕಿ, ಅದರೊಳಗೆ ಹಳೇ ಮಾನಿಟರಿನ ಪೋರ್ಟ್ ಹೆಸ್ರು, ರೆಸಲ್ಯೂಶನ್ ಇರತ್ತೆ, ಹೊಸ ಮಾನಿಟರಿಗೆ ಅದು ಹೊಂದಲ್ಲ.