ಮಗು ಪೆನ್ಸಿಲ್ ಬಾಕ್ಸ್ ಎಸೆದರೆ ಮೊದಲು ನಿಮ್ಮ ನೋಟ್‌ಬುಕ್ ತೆಗೆಯಿರಿ

ಮಂಡ್ಯ ಹತ್ತಿರದ ಒಂದು ಶಾಲೆ, ಮೂರನೇ ಕ್ಲಾಸಿನ ಹುಡುಗ. ಆಟಿಸಂ ಇದೆ, ಮಾತು ತುಂಬಾ ಕಮ್ಮಿ. ಕಾಪಿ ಬರೆಯಿರಿ ಅಂದ ತಕ್ಷಣ ಪೆನ್ಸಿಲ್ ಬಾಕ್ಸ್ ಎಸೆಯುತ್ತಿದ್ದ. ನಾನು ಆಗ ಹೊಸಬಳು. "ಹೋಗು, ಹೊರಗೆ ನಿಂತ್ಕೋ" ಅನ್ನುತ್ತಿದ್ದೆ. ಜಗಲಿಯಿಂದ ರಸ್ತೆ ಕಾಣುತ್ತದೆ, ಕಬ್ಬಿನ ಲಾರಿಗಳು ಸಾಲಾಗಿ ಹೋಗುತ್ತಿರುತ್ತವೆ, ಅವನಿಗೋ ಲಾರಿ ಅಂದರೆ ಪ್ರಾಣ. ನಾನು ಶಿಕ್ಷೆ ಅಂದುಕೊಂಡಿದ್ದು ಅವನಿಗೆ ಬಹುಮಾನವಾಗಿತ್ತು. ಎಸೆದರೆ ಬರೆಯೋದು ತಪ್ಪುತ್ತದೆ, ಮೇಲೆ ಲಾರಿ ಬೇರೆ! ಎಸೆಯೋದನ್ನು ಅವನಿಗೆ ಕಲಿಸಿದವಳು ನಾನೇ.

ನಡವಳಿಕೆ ವಿಶ್ಲೇಷಣೆ, ಅಂದರೆ ಎಬಿಎ, ಹೇಳೋದೂ ಇದನ್ನೇ. ಒಂದು ಕೆಲಸ ಮಾಡಿದ ಮೇಲೆ ಮಗುವಿಗೆ ಏನು ಸಿಗುತ್ತದೋ ಅದರ ಮೇಲೆ ಆ ಕೆಲಸ ಮತ್ತೆ ಬರುತ್ತದೋ ಇಲ್ಲವೋ ಅನ್ನೋದು ನಿಂತಿದೆ. ಅಮೆರಿಕದ ಮನಃಶಾಸ್ತ್ರಜ್ಞ ಸ್ಕಿನ್ನರ್ 1930ರ ದಶಕದಲ್ಲಿ ಇಲಿಗಳ ಜೊತೆ ನೋಡಿದ್ದು ಇದನ್ನೇ. ಮಕ್ಕಳು ಇಲಿಗಳಲ್ಲ, ಸರಿ. ಆದರೆ ಮೇಷ್ಟ್ರುಗಳಿಗೂ ಈ ನಿಯಮ ತಪ್ಪಿದ್ದಲ್ಲ. ಹೊರಗೆ ಕಳಿಸಿದರೆ ಕ್ಲಾಸು ತಣ್ಣಗಾಗುತ್ತದೆ, ಅದಕ್ಕೇ ನಾವೂ ಮತ್ತೆ ಮತ್ತೆ ಕಳಿಸುತ್ತೇವೆ.

ಹಾಗಾಗಿ ಮೊದಲ ಐದು ದಿನ ಏನನ್ನೂ ಬದಲಾಯಿಸಬೇಡಿ, ಸುಮ್ನೆ ಬರೆದಿಡಿ. ಪುಟದಲ್ಲಿ ಮೂರು ಗೆರೆ ಎಳೆಯಿರಿ: ಮುಂಚೆ ಏನಾಗಿತ್ತು, ಮಗು ಏನು ಮಾಡಿತು, ಆಮೇಲೆ ಏನಾಯ್ತು. ಪಕ್ಕದಲ್ಲಿ ಸಮಯ. "ಹಟ ಮಾಡಿದ" ಅಂತ ಬರೆಯಬೇಡಿ, ಅದು ನಿಮ್ಮ ಅಭಿಪ್ರಾಯ. "11.20, ಕಾಪಿ ಬರೆಯಲು ಹೇಳಿದೆ, ಬಾಕ್ಸ್ ಎಸೆದ, ಹೊರಗೆ ಕಳಿಸಿದೆ" ಅಂತ ಬರೆಯಿರಿ. ದಿನಕ್ಕೆ ಎಷ್ಟು ಸಲ ಅನ್ನೋದನ್ನೂ ಎಣಿಸಿ, ಯಾಕೆಂದರೆ ನಮ್ಮ ನೆನಪು ಕೆಟ್ಟ ದಿನವನ್ನು ಮಾತ್ರ ಹಿಡಿದಿಡುತ್ತದೆ.

ಐದು ದಿನದ ಪುಟ ನೋಡಿದರೆ ಕಾರಣ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದಾಗಿರುತ್ತದೆ. ಕೆಲಸದಿಂದ ತಪ್ಪಿಸಿಕೊಳ್ಳಬೇಕು, ಯಾರಾದರೂ ತನ್ನ ಕಡೆ ನೋಡಬೇಕು, ಏನೋ ವಸ್ತು ಬೇಕು, ಇಲ್ಲಾ ಆ ಕೆಲಸವೇ ಮೈಗೆ ಹಿತ. ಕೆಲವೊಮ್ಮೆ ಎರಡು ಸೇರಿಕೊಂಡಿರುತ್ತವೆ, ನಮ್ಮ ಹುಡುಗನದ್ದು ಹಾಗೇ. ಆದರೆ ಇದ್ದಕ್ಕಿದ್ದಂತೆ ಶುರುವಾಗಿದ್ದರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಿಸಿ. ಕಿವಿ ಮಂದ ಅನಿಸಿದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಮನೆಯವರ ಜೊತೆ ಹೋಗಿ ಪರೀಕ್ಷೆ ಮಾಡಿಸಿ. ಕೇಳಿಸದ ಮಗುವನ್ನು ಮಾತು ಕೇಳಲ್ಲ ಅಂತ ಬೈಯುತ್ತಾ ಕೂತರೆ ಹೇಗೆ?

ಇನ್ನು ಬದಲಿ ದಾರಿ. ಎಸೆಯೋದನ್ನು ಸುಮ್ನೆ ನಿಲ್ಲಿಸೋಕೆ ಆಗಲ್ಲ, ಅದೇ ಫಲ ಕೊಡುವ ಇನ್ನೊಂದು ಕೆಲಸ ಕಲಿಸಬೇಕು. ನಾನು ಒಂದು ಕಾರ್ಡ್ ಮಾಡಿದೆ, ಅದರ ಮೇಲೆ ಲಾರಿಯ ಚಿತ್ರ. ಕಾರ್ಡ್ ಕೊಟ್ಟರೆ ಎರಡು ನಿಮಿಷ ಜಗಲಿ. ಬಾಕ್ಸ್ ಕೈಗೆ ಹೋಗುವ ಮುಂಚೆಯೇ ಕಾರ್ಡ್ ತೋರಿಸಿ, ಅವನೇ ಕೊಡುವವರೆಗೆ ಜೊತೆಗಿದ್ದೆ. ಮೊದಲ ವಾರ ಎಷ್ಟು ಸಲ ಕೊಟ್ಟರೂ ಬಿಟ್ಟೆ, ತಕ್ಷಣ ಬಿಟ್ಟೆ. ಪಕ್ಕದ ಕ್ಲಾಸಿನ ಮಿಸ್ ನಕ್ಕರು, ಜಾಸ್ತಿ ಮುದ್ದು ಮಾಡ್ತೀರ ಅಂದರು. ಆಮೇಲೆ ಒಂದು ಸಾಲು ಬರೆದು ಕಾರ್ಡ್, ಆಮೇಲೆ ಮೂರು ಸಾಲು. ಎಸೆದರೆ ಮಾತ್ರ ಹೊರಗೆ ಕಳಿಸೋದಿಲ್ಲ, ಬೈಯೋದೂ ಇಲ್ಲ.

ಇಲ್ಲೇ ಜಾಸ್ತಿ ಜನ ಸೋಲೋದು. ಹಳೇ ಉಪಾಯ ನಡೆಯದಿದ್ದಾಗ ಮಗು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಪೆಟ್ಟಿಗೆ ಅಂಗಡಿ ಮುಂದೆ ಚಾಕಲೇಟಿಗೆ ಅಳುವ ಮಗುವನ್ನು ನೋಡಿದ್ದೀರಲ್ವಾ, ಹಾಗೇ. ಆ ಮೂರ್ನಾಲ್ಕು ದಿನ ತಡೆಯಲಾರದೆ ನಾಲ್ಕನೇ ದಿನ ಸೋತರೆ, ಜೋರಾಗಿ ಮಾಡಿದರೆ ಸಿಗುತ್ತದೆ ಅನ್ನೋ ಪಾಠ ಕಲಿಸಿದ ಹಾಗೆ. ತಲೆ ಚಚ್ಚಿಕೊಳ್ಳುವ, ಬೇರೆಯವರನ್ನು ಕಚ್ಚುವ ಮಗುವಾದರೆ ಇದನ್ನು ಒಬ್ಬರೇ ಮಾಡಲು ಹೋಗಬೇಡಿ. ಬಿಆರ್‌ಸಿಯ (ಕ್ಷೇತ್ರ ಸಂಪನ್ಮೂಲ ಕೇಂದ್ರದ) ಬಿಐಇಆರ್‌ಟಿಯನ್ನೋ, ಅಂದರೆ ವಿಶೇಷ ಅಗತ್ಯದ ಮಕ್ಕಳಿಗಾಗಿ ಇರುವ ಸಂಪನ್ಮೂಲ ಶಿಕ್ಷಕರನ್ನೋ, ತರಬೇತಾದ ವಿಶೇಷ ಶಿಕ್ಷಕರನ್ನೋ ಕೂರಿಸಿಕೊಂಡು ಮಾಡಿ.

ಹೊಸ ಕೆಲಸ ಕಲಿಸೋಕೆ ಅದನ್ನು ಚೂರು ಚೂರು ಮಾಡಿ. ಬಿಸಿಯೂಟಕ್ಕೆ ಮುಂಚೆ ಕೈ ತೊಳೆಯೋದನ್ನೇ ತಗೊಳ್ಳಿ: ನಲ್ಲಿ ತಿರುಗಿಸು, ಕೈ ಒದ್ದೆ ಮಾಡು, ಸೋಪು ಹಚ್ಚು, ಉಜ್ಜು, ತೊಳೆ, ನಲ್ಲಿ ನಿಲ್ಲಿಸು, ಒರೆಸಿಕೋ. ಏಳು ಚೂರು. ನಾನು ಕೊನೆಯಿಂದ ಕಲಿಸುತ್ತೇನೆ. ಆರಕ್ಕೂ ನನ್ನ ಸಹಾಯ, ಒರೆಸಿಕೊಳ್ಳೋದು ಮಾತ್ರ ಅವನೇ, ತಕ್ಷಣ ತಟ್ಟೆ ಕೈಗೆ. ಅದು ಬಂದ ಮೇಲೆ ನಲ್ಲಿ ನಿಲ್ಲಿಸೋದೂ ಅವನದೇ. ಹೀಗೆ ಮಾಡಿದರೆ ಪ್ರತಿ ಸಲವೂ ಮಗು ಕೆಲಸವನ್ನು ತಾನೇ ಮುಗಿಸುತ್ತದೆ. ಕೈ ಹಿಡಿದು ಮಾಡಿಸೋದಾದರೆ ಮಗುವಿಗೆ ಒಪ್ಪಿಗೆ ಇದೆಯಾ ನೋಡಿ, ಕೈ ಎಳೆದುಕೊಂಡರೆ ಬಿಟ್ಟು ಬೆರಳಲ್ಲಿ ತೋರಿಸಿ. ದಿನ ಕಳೆದಂತೆ ಅದನ್ನೂ ಕಮ್ಮಿ ಮಾಡಿ, ಇಲ್ಲಾಂದರೆ ನಿಮ್ಮ ಬೆರಳು ಇಲ್ಲದೆ ನಲ್ಲಿ ತಿರುಗಲ್ಲ.

ಬಹುಮಾನ ಅಂದರೆ ಚಾಕಲೇಟೇ ಆಗಬೇಕಿಲ್ಲ. ಬಿಡುವಿನಲ್ಲಿ ಮಗು ತಾನಾಗೇ ಏನು ಮಾಡುತ್ತದೆ ನೋಡಿ. ಒಬ್ಬಳಿಗೆ ಶಾಲೆ ಗಂಟೆ ಹೊಡೆಯೋದೇ ದೊಡ್ಡ ಬಹುಮಾನ. ಏನೇ ಆಗಲಿ, ಆ ಕ್ಷಣವೇ ಕೊಡಿ, ಯಾಕೆ ಕೊಟ್ಟಿರಿ ಅಂತ ಹೇಳಿ ಕೊಡಿ. ಬಿಸಿಯೂಟವನ್ನೋ ಆಟದ ಪಿರಿಯಡ್ಡನ್ನೋ ಕಿತ್ತುಕೊಂಡು ಅದನ್ನೇ ಬಹುಮಾನ ಮಾಡಬೇಡಿ, ಅದು ಮಗುವಿನ ಹಕ್ಕು. ಕೈ ಆಡಿಸೋದು, ತೂಗಾಡೋದು, ಕಣ್ಣಿಟ್ಟು ನೋಡದಿರೋದು, ಇವುಗಳಿಂದ ಯಾರಿಗೂ ನೋವಿಲ್ಲದಿದ್ದರೆ ಬಿಟ್ಟುಬಿಡಿ. ಮಗು ಬೇರೆಯವರ ಹಾಗೆ ಕಾಣಲಿ ಅಂತ ನಾವು ಈ ಕೆಲಸ ಮಾಡುತ್ತಿಲ್ಲ.

ಮೂರು ವಾರಕ್ಕೆ ಮತ್ತೆ ಎಣಿಸಿ. ಕಮ್ಮಿಯಾಗಿಲ್ಲ ಅಂದರೆ ನಿಮ್ಮ ಊಹೆ ತಪ್ಪು, ಮಗುವಿನ ತಪ್ಪಲ್ಲ, ಮೂರು ಗೆರೆಯ ಪುಟಕ್ಕೆ ವಾಪಸ್ ಹೋಗಿ.

ಹಾಂ, ಕಾರ್ಡನ್ನು ಲ್ಯಾಮಿನೇಟ್ ಮಾಡಿಸಿ ಎರಡು ಇಟ್ಟುಕೊಳ್ಳಿ, ಒಂದು ಮನೆಗೆ. ನಾನು ಬರೀ ರಟ್ಟಿನಲ್ಲಿ ಮಾಡಿದ್ದ ಮೊದಲನೆಯದನ್ನು ನಮ್ಮ ಹುಡುಗ ಎರಡೇ ದಿನಕ್ಕೆ ಅಗಿದು ಹಾಕಿದ್ದ.