ಲಿಡ್‌ಗೇಟ್‌ನ ನಾನು ಓದಿದ್ದು ಹೀಗೆ

ಜಾನ್ ಲಿಡ್‌ಗೇಟ್ ಅಂದ್ರೆ ಇಂಗ್ಲಿಷ್ ಎಂಎ ಮಾಡಿದವ್ರಿಗೂ ನೆನಪಿರೋದು ಅಷ್ಟಕ್ಕಷ್ಟೇ, ಚಾಸರ್ ಅನ್ನೋ ದೊಡ್ಡ ಇಂಗ್ಲಿಷ್ ಕವಿ ಆದ್ಮೇಲೆ ಬಂದ ಬೋರ್ ಹೊಡ್ಸೋ ಸನ್ಯಾಸಿ ಕವಿ ಅಂತ ನೋಟ್ಸಲ್ಲಿ ಒಂದು ಸಾಲು, ಮುಗೀತು. 1802ರಲ್ಲಿ ಜೋಸೆಫ್ ರಿಟ್ಸನ್ ಅನ್ನೋ ವಿದ್ವಾಂಸ ಇವನನ್ನ ಬಾಯಿಗೆ ಬಂದಂಗೆ ಬೈದು ಹೋದ, ಆ ಬೈಗುಳಾನೇ ಎಷ್ಟೋ ಜನಕ್ಕೆ ಇವನ ಪರಿಚಯ. ಆದ್ರೆ ಲಿಡ್‌ಗೇಟ್‌ನ ಕಾಲದಲ್ಲಿ ರಾಜರು ರಾಜಕುಮಾರರೆಲ್ಲ ಇವನ ಹತ್ರಾನೇ ಬರೆಸ್ತಿದ್ರು. ನಾನು ಕೆಲಸದ ಮೇಲೆ ಕೇಂಬ್ರಿಡ್ಜ್ ಕಡೆ ಇದ್ದಾಗ ಇವನ ಮಠ ಇದ್ದ ಬೆರಿ ಸೇಂಟ್ ಎಡ್ಮಂಡ್ಸ್‌ಗೆ ರೈಲಲ್ಲೇ ಹೋಗಿ ಬರಬಹುದಿತ್ತು, ಊರು ನೋಡಿದ್ಮೇಲೆ ಆಸಾಮಿ ಏನು ಬರೆದಿದಾನೆ ನೋಡೇ ಬಿಡೋಣ ಅಂತ ಕೂತೆ.

ಒಟ್ಟು ಒಂದೂವರೆ ಲಕ್ಷ ಸಾಲಿನ ಹತ್ತಿರ ಬರೆದಿದಾನೆ ಮಾರಾಯ್ರೆ. ಮುಂದೆ ಐದನೇ ಹೆನ್ರಿ ಆಗೋ ರಾಜಕುಮಾರ ಕೇಳಿದ ಅಂತ 1412ರಲ್ಲಿ ಶುರು ಮಾಡಿ 1420ಕ್ಕೆ ಮುಗಿಸಿದ, ಟ್ರಾಯ್ ಯುದ್ಧದ ಕಥೆಯ ಟ್ರಾಯ್ ಬುಕ್ ಒಂದೇ 30 ಸಾವಿರ ಸಾಲು, ಗ್ಲಾಸ್ಟರ್‌ನ ಡ್ಯೂಕ್ ಹಂಫ್ರಿ 1431ರ ಸುಮಾರಿಗೆ ಬರೆಸೋಕೆ ಹಿಡಿದ ಫಾಲ್ ಆಫ್ ಪ್ರಿನ್ಸಸ್ 36 ಸಾವಿರ ದಾಟತ್ತೆ. ಇವುಗಳಿಂದ ಶುರು ಮಾಡಿದ್ರೆ ಮೊದಲ ವಾರಾನೇ ಕೈಬಿಡ್ತೀರ, ಅದಕ್ಕೆ ನಾನು ಚಿಕ್ಕದ್ರಿಂದ ಹಿಡಿದೆ.

ಮೊದಲು ಡಯಟರಿ. ಆರೋಗ್ಯದ ಬಗ್ಗೆ ಸಣ್ಣ ಪದ್ಯ, ತಲೆಗೆ ಥಂಡಿ ತಾಗಿಸ್ಕೋಬೇಡ, ಇನ್ನೂ ಸ್ವಲ್ಪ ಹಸಿವಿರೋವಾಗ್ಲೇ ಊಟದಿಂದ ಏಳು, ಈ ಥರ ಮಾತುಗಳು. ಕೇಳೋಕೆ ನಮ್ಮಜ್ಜಿ ಹೇಳಿದಂಗೇ ಇದೆ ಬಿಡಿ, ಆದ್ರೆ ಇದರ ಹಸ್ತಪ್ರತಿಗಳೇ 50ಕ್ಕಿಂತ ಜಾಸ್ತಿ ಉಳ್ಕೊಂಡಿವೆ, ಅಂದ್ರೆ ಜನ ಕಾಪಿ ಮಾಡಿ ಮನೇಲಿ ಇಟ್ಕೊಳ್ತಿದ್ರು ಅಂತಾಯ್ತು. ಆಮೇಲೆ ಟೆಸ್ಟಮೆಂಟ್, ಅದರಲ್ಲಿ ಚಿಕ್ಕಂದಿನ ಕಥೆ ಅವನೇ ಹೇಳ್ತಾನೆ, ಸ್ಕೂಲಂದ್ರೆ ಆಗ್ತಿರಲಿಲ್ವಂತೆ, ಬೇಲಿ ಗೋಡೆ ಅಂತ ನೋಡದೆ ಹಾರಿ ತೋಟದಲ್ಲಿ ಸೇಬು ಕದೀತಿದ್ದನಂತೆ, ಚೆರಿ ಬೀಜ ಇಟ್ಕೊಂಡು ಆಟ. ಹದಿನೈದು ತುಂಬೋ ಮೊದಲು ಮಠದ ಪಡಸಾಲೆ ಗೋಡೆ ಮೇಲೆ ಶಿಲುಬೆ ಕಂಡು, ಪಕ್ಕದಲ್ಲಿ 'ನೋಡು' ಅಂತ ಲ್ಯಾಟಿನ್‌ನಲ್ಲಿ ಬರೆದಿದ್ದನ್ನ ಓದಿದ್ದು, ಅದರ ಅರ್ಥ ತಟ್ಟಿದ್ದು ಮಾತ್ರ ಮುದುಕ ಆದ್ಮೇಲೆ. ಇದೇ ಪದ್ಯದ ಸಾಲುಗಳನ್ನ ಲಾಂಗ್ ಮೆಲ್ಫರ್ಡ್ ಚರ್ಚಲ್ಲಿ ಕ್ಲಾಪ್ಟನ್ ಮನೆತನದವ್ರ ಪ್ರಾರ್ಥನಾ ಕೋಣೆಯಲ್ಲಿ ಮೇಲ್ಗಡೆ ಸುತ್ತಲೂ ಬರೆಸಿದಾರೆ. ಕತ್ತು ಎತ್ತಿ ಒಂದೊಂದೇ ಅಕ್ಷರ ಕೂಡಿಸ್ಕೊಂಡು ಓದ್ಬೇಕು, ಓದ್ತಾ ಓದ್ತಾ ಕೋಣೆ ಒಂದು ಸುತ್ತು ಬಂದಿರ್ತೀರ. ಪುಸ್ತಕದಲ್ಲಿ ಸಪ್ಪೆ ಅನ್ಸಿದ್ದ ಸಾಲು ಅಲ್ಲಿ ಹಂಗನ್ಸಲಿಲ್ಲ.

ಇನ್ನು ಲಯ. ಇವನಿಗೆ ಛಂದಸ್ಸು ಬರ್ತಿರಲಿಲ್ಲ ಅಂತ ಒಂದು ಹಳೇ ದೂರು. ಸಾಲಿಗೆ ಐದು ಒತ್ತು ಬರ್ಬೇಕು, ಆದ್ರೆ ಎಷ್ಟೋ ಕಡೆ ನಡುವೆ ಎರಡು ಒತ್ತು ಒಂದಕ್ಕೊಂದು ಡಿಕ್ಕಿ ಹೊಡೀತಾವೆ, ಮಧ್ಯೆ ಇರಬೇಕಾದ ಹಗುರ ಅಕ್ಷರಾನೇ ಇರಲ್ಲ. ಕಣ್ಣಲ್ಲಿ ಓದಿದ್ರೆ ಕುಂಟತ್ತೆ. ನಾನು ಮಾಡಿದ್ದಿಷ್ಟೇ, ಟೇಬಲ್ ಮೇಲೆ ಬೆರಳಲ್ಲಿ ಐದು ಪೆಟ್ಟು ಹಾಕ್ಕೊಂಡು ಜೋರಾಗಿ ಓದೋದು, ಡಿಕ್ಕಿ ಹೊಡೆಯೋ ಜಾಗದಲ್ಲಿ ಓಡದೆ ಒಂಚೂರು ನಿಲ್ಲೋದು, ನಮ್ಮಲ್ಲಿ ಗಮಕಿಗಳು ಕುಮಾರವ್ಯಾಸನ್ನ ಓದೋವಾಗ ಅರ್ಥ ನೋಡ್ಕೊಂಡು ನಿಲ್ಲಿಸಿ ಎಳೀತಾರಲ್ಲ ಹಂಗೆ. ಪದದ ಕೊನೆಯ e ಅಕ್ಷರ ಕೆಲವು ಕಡೆ ಉಚ್ಚರಿಸ್ಬೇಕು ಕೆಲವು ಕಡೆ ಬಿಡ್ಬೇಕು, ಅದಕ್ಕೆ ಕಿವಿನೇ ಗತಿ. ಎಲ್ಲಾ ಸಾಲೂ ಸರಿಹೋಗಲ್ಲ, ಆದ್ರೆ ದೂರಿನಲ್ಲಿ ಅರ್ಧ ಸುಳ್ಳು ಅಂತ ನನಗಂತೂ ಗ್ಯಾರಂಟಿ.

ನನಗೆ ತುಂಬಾ ಮಜಾ ಕೊಟ್ಟಿದ್ದು ಹಳೇ ಗ್ರೀಸಿನ ಥೀಬ್ಸ್ ಊರಿನ ಮುತ್ತಿಗೆ ಕಥೆ ಹೇಳೋ ಸೀಜ್ ಆಫ್ ಥೀಬ್ಸ್‌ನ ಪ್ರಸ್ತಾವನೆ. 1420ರ ದಶಕದ್ದು, ಚಾಸರ್ ಸತ್ತು 20 ವರ್ಷ ಆಗಿತ್ತು. ಚಾಸರನ ಕ್ಯಾಂಟರ್ಬರಿ ಕಥೆಗಳಲ್ಲಿ ಕಥೆ ಹೇಳ್ಕೊಂಡು ಹೋಗೋ ಯಾತ್ರಿಕರಿದಾರಲ್ಲ, ಆ ಗುಂಪಿಗೆ ಇವನೇ ಹೋಗಿ ಸೇರ್ಕೊಳ್ತಾನೆ, ಸಣಕಲು ಕುದುರೆ, ತುಕ್ಕು ಹಿಡಿದ ಕಡಿವಾಣ, ಖಾಲಿ ಚೀಲ, ವಯಸ್ಸು ಐವತ್ತರ ಹತ್ರ. ಆ ಗುಂಪಿನ ಜೊತೆಗಿರೋ ಛತ್ರದ ಯಜಮಾನ ಇವನ ಬಿಳಿಚಿಕೊಂಡ ಮುಖ ನೋಡಿ ಕಾಲೆಳೀತಾನೆ, ಗಟ್ಟಿ ಏಲ್ (ಒಂಥರಾ ಬಿಯರ್) ಕುಡಿ ಗೊರಕೆ ಹೊಡೀತೀಯ, ದಿಂಬು ಎತ್ತರ ಇಟ್ಕೋ, ಗಾಳಿ ಬಂದ್ರೆ ತಡ್ಕೋಬೇಡ ಹೊಟ್ಟೆನೋವು ಬರತ್ತೆ, ರಾತ್ರಿ ಸೋಂಪು, ಜೀರಿಗೆ, ಕೊತ್ತಂಬರಿ ಬೀಜ ತಿನ್ನು. ಸನ್ಯಾಸಿ ಪದ್ಯದಲ್ಲಿ ಹೂಸಿನ ಸಲಹೆ ಇರತ್ತೆ ಅಂತ ನೋಟ್ಸಲ್ಲಿ ಯಾರೂ ಬರೆಸಿರಲಿಲ್ಲ! ಆದ್ರೆ ಇದೇ ಪ್ರಸ್ತಾವನೆಯ ಮೊದಲ ವಾಕ್ಯ ಇದೆಯಲ್ಲ, ಚಾಸರ್ ಥರ ಬರೀಬೇಕು ಅಂತ ಹೊರಟು ಅರವತ್ತು ಸಾಲು ದಾಟಿದ್ರೂ ಮುಖ್ಯ ಕ್ರಿಯಾಪದ ಕೈಗೆ ಸಿಗಲ್ಲ, ಅಲ್ಲಿ ವ್ಯಾಕರಣ ಹುಡುಕದೆ ಮುಂದೆ ಹೋಗ್ತಾ ಇರಿ.

ಫಾಲ್ ಆಫ್ ಪ್ರಿನ್ಸಸ್‌ನ ನಾನು ಬಿಡಿಬಿಡಿ ಕಥೆಯಾಗೇ ಓದ್ತಿದೀನಿ. ಅದು ಇಟಲಿಯ ಲೇಖಕ ಬೊಕಾಚ್ಚಿಯೋನ ಲ್ಯಾಟಿನ್ ಪುಸ್ತಕದ ಫ್ರೆಂಚ್ ರೂಪ ಇಟ್ಕೊಂಡು ಬರೆದಿದ್ದು, ದೊರೆಗಳು ಬಿದ್ದ ಕಥೆಗಳ ಸಾಲು, ಕಥೆ ಮುಗಿದ ಮೇಲೆ ದೊರೆಗಳಿಗೆ ಬುದ್ಧಿ ಹೇಳೋ ಪದ್ಯ ಸೇರಿಸು ಅಂತ ಹಂಫ್ರಿನೇ ಕೇಳಿದ್ದು. ಆ ಪದ್ಯಗಳನ್ನ ನಾನು ಮುಲಾಜಿಲ್ಲದೆ ಹಾರಿಸ್ತೀನಿ. ಜೊತೆಗೆ ಅವನು ಹಂಫ್ರಿಗೆ ದುಡ್ಡು ಕೇಳಿ ಬರೆದ ಪದ್ಯಪತ್ರ ಓದಿ, ಪರ್ಸಿಗೆ ಕಾಯಿಲೆ ಬಂದಿದೆ ಔಷಧಿ ಕೊಡಿ ಅಂತ ಗೋಳಾಡ್ತಾನೆ, ಅಷ್ಟೊಂದು ಸಾಲು ಬರೆಸ್ಕೊಂಡವ್ರು ಸರಿಯಾಗಿ ದುಡ್ಡು ಕೊಡ್ತಿರಲಿಲ್ಲ ಅನ್ಸತ್ತೆ.

ಶುರು ಮಾಡೋರಿಗೆ ದುಡ್ಡು ಖರ್ಚಿಲ್ಲ. ಥೀಬ್ಸ್ ಪೂರ್ತಿ, ಟ್ರಾಯ್ ಬುಕ್‌ನ ಆಯ್ದ ಭಾಗ ಎರಡೂ ರೋಚೆಸ್ಟರ್ ಯೂನಿವರ್ಸಿಟಿಯವ್ರ ಮಧ್ಯಯುಗದ ಇಂಗ್ಲಿಷ್ ಮಾಲೆಯಲ್ಲಿ ಅರ್ಥದ ಸಮೇತ ಆನ್‌ಲೈನ್ ಫ್ರೀ, ಗೊತ್ತಾಗದ ಪದಕ್ಕೆ ಮಿಶಿಗನ್ ಯೂನಿವರ್ಸಿಟಿಯ ನಿಘಂಟು, ಅದೂ ಫ್ರೀ. ಪೂರ್ತಿ ಟ್ರಾಯ್ ಬುಕ್ ಬೇಕಂದ್ರೆ ಹೆನ್ರಿ ಬರ್ಗೆನ್ ಸಂಪಾದಿಸಿದ ಹಳೇ ಸಂಪುಟಗಳಿವೆ, ನಾನಿನ್ನೂ ಆ ಕಡೆ ತಲೆ ಹಾಕಿಲ್ಲ.