ಕಾರವಾರದ ಮನೆಯಂಗಳದಲ್ಲಿ 40 ಮೀಟರ್ ಆಂಟೆನಾ

ಕರಾವಳಿಯಲ್ಲಿ ಹ್ಯಾಮ್ ರೇಡಿಯೋಗೆ, ಅಂದರೆ ಹವ್ಯಾಸಿ ರೇಡಿಯೋಗೆ, ಆಂಟೆನಾ ಕಟ್ಟುವುದು ಒಂದು ಭಾನುವಾರದ ಕೆಲಸ. ಅದರೊಳಗೆ ನೀರೂ ಉಪ್ಪೂ ಇಳಿಯದಂತೆ ನೋಡಿಕೊಳ್ಳುವುದು ವರ್ಷವಿಡೀ ಇರುವ ಕೆಲಸ. ಹಾಗಾಗಿ ಅಳತೆಯ ವಿಷಯ ಬೇಗ ಮುಗಿಸುತ್ತೇನೆ.

ನಾನು ಕಟ್ಟುವುದು ಇನ್ವರ್ಟೆಡ್ ವಿ ಡೈಪೋಲ್: ನಡುಭಾಗ ಮೇಲೆ, ಅಲ್ಲಿಂದ ಎರಡು ತಂತಿ ಕಾಲುಗಳು ತಲೆಕೆಳಗಾದ V ಆಕಾರದಲ್ಲಿ ಕೆಳಗೆ. ನಮ್ಮಲ್ಲಿ ಹ್ಯಾಮ್‌ಗಳಿಗಿರುವ 40 ಮೀಟರ್ ಬ್ಯಾಂಡ್ (ಈ 40 ಅಲೆಯುದ್ದ, ತಂತಿಯ ಉದ್ದವಲ್ಲ) 7.0ರಿಂದ 7.2 ಮೆಗಾಹರ್ಟ್ಸ್. ನಡುವಿನ 7.1ಕ್ಕೆ ಅರ್ಧ ಅಲೆಯುದ್ದದ ತಂತಿಯ ಸೂತ್ರದಂತೆ 143 ÷ 7.1 ಲೆಕ್ಕ ಹಾಕಿದರೆ ಒಟ್ಟು 20.1 ಮೀಟರ್, ಒಂದೊಂದು ಕಾಲು ಸುಮಾರು 10. ಇದು ಬರಿಯ ತಂತಿಗೆ. 2.5 ಚದರ ಮಿಲಿಮೀಟರಿನ ಮನೆ ವೈರಿಂಗ್ ತಂತಿ ಬಳಸಿದರೆ ಪಿವಿಸಿ ಹೊದಿಕೆಯಿಂದಾಗಿ ಶೇ. 2–3ರಷ್ಟು ಕಡಿಮೆ ಉದ್ದ ಸಾಕು. ಆದರೂ ಮೊದಲು ಒಂದೊಂದು ಕಾಲಿಗೆ 10.4 ಮೀಟರ್ ಕತ್ತರಿಸಿ. ಮೇಲೇರಿಸಿ ನ್ಯಾನೋ ವಿಎನ್‌ಎ ಎಂಬ ಅಂಗೈಯಗಲದ ಅಳತೆ ಯಂತ್ರದಲ್ಲಿ ನೋಡಿದಾಗ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಮರಳುತ್ತಿದೆ ಎಂದು ತೋರಿಸುವ ಅಂಕಿ, ಕಡಿಮೆಯಿದ್ದಷ್ಟೂ ಒಳ್ಳೆಯದು) 6.7ರಲ್ಲಿ ತೀರ ಕೆಳಗಿದೆ ಎಂದುಕೊಳ್ಳಿ. ಆಗ ಬೇಕಾದ ಕಾಲಿನ ಉದ್ದ: 10.4 × 6.7 ÷ 7.1 = 9.81. ಒಂದೇ ಸಲಕ್ಕೆ ಅಷ್ಟೂ ತೆಗೆಯಬೇಡಿ. ಕಾಲಿಗೆ 50 ಸೆಂಟಿಮೀಟರ್ ಮಡಚಿ ಅದೇ ತಂತಿಗೆ ಸುತ್ತಿ, ಮತ್ತೆ ಅಳೆಯಿರಿ. ಮಳೆಯಲ್ಲಿ ತಂತಿ ತೊಯ್ದಾಗ ಅನುರಣನ, ಅಂದರೆ ಆಂಟೆನಾ ಹೊಂದಿಕೊಂಡಿರುವ ಆವರ್ತನ, ತುಸು ಕೆಳಕ್ಕೆ ಜಾರುತ್ತದೆ, ವರ್ಷ ಕಳೆದಂತೆ ಮೆದು ತಾಮ್ರವೂ ಜಗ್ಗಿ ಉದ್ದವಾಗುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಹೊಂದಿಸುವಾಗ 7.12ರ ಹತ್ತಿರ ಬಿಡುತ್ತೇನೆ.

ನಡುಭಾಗ 10 ಮೀಟರ್ ಎತ್ತರದಲ್ಲಿರಲಿ. ಕಾಲುಗಳ ನಡುವಿನ ಕೋನ 120 ಡಿಗ್ರಿ ಇದ್ದರೆ ಒಳ್ಳೆಯದು, 90ಕ್ಕಿಂತ ಇಳಿಸಬೇಡಿ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚು, ಮುಟ್ಟಿದರೆ ಚರ್ಮ ಸುಡುತ್ತದೆ, ಆದ್ದರಿಂದ ಅವು ಕೈಗೆ ಎಟುಕಬಾರದು. 10 ಮೀಟರ್ ಎಂದರೆ ಅಲೆಯುದ್ದದ ಕಾಲು ಭಾಗ. ಸಿಗ್ನಲ್ ಹೆಚ್ಚಾಗಿ ನೇರ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ ಅಲ್ಲಿಂದ ಸುತ್ತಲೂ ಇಳಿಯುತ್ತದೆ. ನೇರ ಸಾಗುವ 2 ಮೀಟರ್ ಬ್ಯಾಂಡಿಗೆ ಗೋಡೆಯಾಗುವ ಘಟ್ಟ ಇದಕ್ಕೆ ಲೆಕ್ಕಕ್ಕಿಲ್ಲ. ಹಗಲಿನಲ್ಲಿ ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳಿಗೆ ಈ ಎತ್ತರವೇ ಅನುಕೂಲ.

ಇನ್ನು ಉಪ್ಪಿನ ವಿಷಯ. ಆಂಟೆನಾದಿಂದ ರೇಡಿಯೋಗೆ ಬರುವ ಆರ್‌ಜಿ-58 ಕೋಆಕ್ಸಿಯಲ್ ಕೇಬಲ್ಲಿನ ಹೆಣೆದ ತಾಮ್ರಕ್ಕೆ ಮೇಲಿನ ತುದಿಯಲ್ಲಿ ಒಂದು ಹನಿ ನೀರು ಸಿಕ್ಕರೂ ಸಾಕು, ದೀಪದ ಬತ್ತಿ ಎಣ್ಣೆ ಹೀರಿದಂತೆ ಅದನ್ನು ಮೀಟರುಗಟ್ಟಲೆ ಒಳಕ್ಕೆ ಎಳೆದುಕೊಳ್ಳುತ್ತದೆ. ಹೆಣಿಗೆ ಕಪ್ಪಾಗುತ್ತದೆ, ನಷ್ಟ ಏರುತ್ತದೆ. ಮೋಸವೆಂದರೆ ಎಸ್‌ಡಬ್ಲ್ಯುಆರ್ ಕೆಡುವುದಿಲ್ಲ, ಬದಲಿಗೆ ಇಡೀ ಬ್ಯಾಂಡಿನಲ್ಲಿ ಚೆನ್ನಾಗಿ ಕಾಣತೊಡಗುತ್ತದೆ. ಮರಳಿ ಬರಬೇಕಾದ ಶಕ್ತಿ ಕೇಬಲ್ಲಿನಲ್ಲೇ ಕರಗುವುದು ಇದಕ್ಕೆ ಕಾರಣ. ಮಳೆಗಾಲ ಮುಗಿದ ಮೇಲೆ ಎಸ್‌ಡಬ್ಲ್ಯುಆರ್ ಸುಧಾರಿಸಿ, ಆಚೆಯವರು ಕೊಡುವ ಸಿಗ್ನಲ್ ರಿಪೋರ್ಟ್ ಕುಸಿದಿದ್ದರೆ ಕೇಬಲ್ಲನ್ನೇ ಅನುಮಾನಿಸಿ.

ಪರೀಕ್ಷೆ ಸುಲಭ. ಆಂಟೆನಾ ಕಡೆಯ ತುದಿ ಬಿಚ್ಚಿ ಹಾಗೇ ತೆರೆದಿಟ್ಟು, 7 ಮೆಗಾಹರ್ಟ್ಸ್‌ನಲ್ಲಿ ರಿಟರ್ನ್ ಲಾಸ್ (ಹೋಗಿ ಮರಳುವಷ್ಟರಲ್ಲಿ ಸಿಗ್ನಲ್ ಎಷ್ಟು ಕುಗ್ಗಿತು ಎಂಬುದು) ಅಳೆಯಿರಿ. ಅದರ ಅರ್ಧವೇ ಕೇಬಲ್ಲಿನ ನಷ್ಟ. 25 ಮೀಟರ್ ಆರ್‌ಜಿ-58 ಆರೋಗ್ಯವಾಗಿದ್ದರೆ ರಿಟರ್ನ್ ಲಾಸ್ 2 ಡಿಬಿ ಆಸುಪಾಸು ಬರಬೇಕು. 5–6 ಬಂದರೆ ಒಣಗಿಸುವ ಆಸೆ ಬಿಡಿ, ಹೊಸದು ತನ್ನಿ.

ನಡುವಿನ ಜೋಡಣೆಗೆ ಪಿವಿಸಿ ಡಬ್ಬಿ, ಒಳಗೆ ಬಾಲನ್: ಎಫ್‌ಟಿ240-43 ಫೆರೈಟ್ ಉಂಗುರಕ್ಕೆ ಆರ್‌ಜಿ-58ರ 12 ಸುತ್ತು. ಇದಿಲ್ಲದಿದ್ದರೆ ಕೇಬಲ್ಲಿನ ಹೊರಮೈ ಮೇಲೂ ಕರೆಂಟ್ ಹರಿದು ಮನೆಯ ಗದ್ದಲವೆಲ್ಲ ರಿಸೀವರಿಗೆ ಬರುತ್ತದೆ. ಕನೆಕ್ಟರಿಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂರುತ್ತದೆ. ಬಿಸಿಲು ತಡೆಯಲು ಅದರ ಮೇಲೆ ಕಪ್ಪು ಪಿವಿಸಿ ಟೇಪ್. ವಿನೆಗರ್ ವಾಸನೆಯ ಸಿಲಿಕೋನ್ ಬೇಡವೇ ಬೇಡ, ಅದರ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಕೇಳಿ ತನ್ನಿ. ಬೋಲ್ಟು, ನಟ್ಟು 316 ಸ್ಟೇನ್‌ಲೆಸ್. ಡಬ್ಬಿಯ ತಳಕ್ಕೆ 3 ಮಿಲಿಮೀಟರಿನ ಒಂದು ತೂತು ಬಿಡಿ, ಒಳಗೆ ಬೆವರಿದ ನೀರು ಇಳಿಯಲಿ. ತೂತು ದೊಡ್ಡದಾದರೆ ಇರುವೆಗಳು ಸಂಸಾರ ಹೂಡುತ್ತವೆ.

ತೆಂಗಿನ ಮರವನ್ನು ನಂಬಬಹುದು, ಆದರೆ ಅದು ತೂಗುತ್ತದೆ. ಎರಡೂ ತುದಿ ಬಿಗಿದರೆ ಮೊದಲ ಗಾಳಿಗೇ ತಂತಿ ಹರಿಯುತ್ತದೆ. ಒಂದು ತುದಿಯ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ 3–4 ಕಿಲೋ ತೂಕ ತೂಗುಬಿಡಿ. ಹಗ್ಗಕ್ಕೆ ಬೈತಖೋಲ ಬಂದರಿನ ಕಡೆ ದೋಣಿಯವರು ಕೊಳ್ಳುವ ಪ್ಲಾಸ್ಟಿಕ್ ಹಗ್ಗ ಚೆನ್ನ. ನೈಲಾನ್ ಒದ್ದೆಯಾದರೆ ಜಗ್ಗುತ್ತದೆ. ಮಡಲು ಬೀಳುವ ಜಾಗದಲ್ಲಿ ತಂತಿ ಹಾಯಿಸಬೇಡಿ. ಹಗ್ಗ ಮೇಲೇರಿಸಲು ಶಿರಸಿ ಕಡೆಯ ಕಾರ್ಬನ್ ಫೈಬರ್ ಅಡಿಕೆ ದೋಟಿ (ಅಡಿಕೆ ಕೊಯ್ಯುವ ಉದ್ದ ಕೋಲು) ಬಹಳ ಉಪಯೋಗಿ. ಆದರೆ ಅದನ್ನೇ ಕಂಬ ಮಾಡಿಕೊಳ್ಳಬೇಡಿ, ಕಾರ್ಬನ್ ಫೈಬರ್ ವಿದ್ಯುತ್ ಹರಿಸುತ್ತದೆ. ಡ್ರೋನ್ ಯೋಚನೆಯೂ ಬೇಡ, ಪಕ್ಕದಲ್ಲಿ ನೌಕಾನೆಲೆ ಇದೆ. ಹೆಸ್ಕಾಂ ವಿದ್ಯುತ್ ತಂತಿಯಿಂದ ಎಷ್ಟು ದೂರವಿರಬೇಕೆಂದರೆ, ಆಂಟೆನಾ ಯಾವ ಕಡೆ ಹರಿದು ಬಿದ್ದರೂ ಅದಕ್ಕೆ ತಾಗಬಾರದು.

ಇಲ್ಲಿ ಸಿಡಿಲು ಜೋರಾಗಿರುವುದು ಜುಲೈಯಲ್ಲಲ್ಲ, ಏಪ್ರಿಲ್-ಮೇ ಮತ್ತು ಅಕ್ಟೋಬರಿನಲ್ಲಿ. ಬೇಸಿಗೆಯಲ್ಲಿ ಚಿರೇಕಲ್ಲಿನ ನೆಲ ಒಣಗಿ ಅರ್ಥಿಂಗ್ ಹಿಡಿಯುವುದಿಲ್ಲ. ಬಾವಿ ಅಥವಾ ಬಚ್ಚಲ ನೀರು ಇಂಗುವ ಕಡೆ ಗುಂಡಿ ತೋಡಿ ರಾಡ್ ಹೂಳಿ, ಅದನ್ನು ಮನೆಯ ಅರ್ಥಿಂಗಿಗೂ ಜೋಡಿಸಿ. ಎರಡು ಬೇರೆಬೇರೆ ಇದ್ದರೆ ಸಿಡಿಲಿನ ಹೊತ್ತಿಗೆ ಅವುಗಳ ನಡುವಿನ ವೋಲ್ಟೇಜ್ ನಿಮ್ಮ ರೇಡಿಯೋ ಮೂಲಕವೇ ಹಾದುಹೋಗುತ್ತದೆ. ಸಿಡಿಲು ತಡೆಯುವ ಅರೆಸ್ಟರ್ ಇದ್ದರೂ ಗುಡುಗು ಕೇಳುವ ಮೊದಲೇ ಕೇಬಲ್ ಬಿಚ್ಚಿ ಕಿಟಕಿಯಾಚೆ ಹಾಕಿ, ಅದರ ಬಾಯಿಗೆ ಮುಚ್ಚಳ ಹಾಕುವುದನ್ನು ಮಾತ್ರ ಮರೆಯಬೇಡಿ.